ಕುತ್ತಿಗೆ ನೆಟ್ಟಗಾದ ದಿನ

ಆಳಂದದಲ್ಲಿ ಹಾರ್ಮೋನಿಯಂ ಪೇಟಿ ಕಲಿಸುವ ಮಾಸ್ತರ ಸೈದಪ್ಪನ ಮನೆಯ ಗೋಡೆಗೆ ತೂಗುಹಾಕಿದ ಕನ್ನಡಿ ಯಾವಾಗಲೂ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಮೊಳೆ ಸಡಿಲಾಗಿ ವಾಲಿದ್ದಲ್ಲ. ಸೈದಪ್ಪನೇ ನಿಂತು, ಕಣ್ಣಳತೆ ನೋಡಿ, ಬೇಕೆಂದೇ ವಾಲಿಸಿ ಹೊಡೆಸಿದ್ದು. ಅವನ ಕುತ್ತಿಗೆ ಎಡಕ್ಕೆ ವಾಲಿದ್ದರಿಂದ ಕನ್ನಡಿಯೂ ಎಡಕ್ಕೆ ವಾಲಿದರೆ ಮುಖ ಚೌಕಟ್ಟಿನೊಳಗೆ ನೆಟ್ಟಗೆ ಕೂಡುತ್ತಿತ್ತು. ಮನೆಗೆ ಬಂದ ನೆಂಟರು ಯಾರಾದರೂ ಪುಣ್ಯ ಕಟ್ಟಿಕೊಳ್ಳೋಣವೆಂದು ಕನ್ನಡಿಯನ್ನು ಸರಿ ಮಾಡಿದರೆ ಆ ದಿನ ಅವನ ಮೀಸೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಆಗುತ್ತಿತ್ತು.

ಆ ದಿನ ಮುಂಜಾನೆ ಬಾಯಿ ಮುಕ್ಕಳಿಸಿ ಬಂದು ಕನ್ನಡಿಯ ಮುಂದೆ ನಿಂತವನೇ ಸೈದಪ್ಪ ಕೂಗಿದ.

"ಏ ನಿಂಬಿ! ಕನ್ನಡಿ ಯಾರು ಮುಟ್ಟ್ಯಾರ? ಮಾರಿ ಎಲ್ಲಾ ಸೊಟ್ಟ ಕಾಣ್ಲಿಕತ್ತದ!"

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ನಿಂಬೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗಂಡನನ್ನು ನೋಡಿದಳು. ಒಂದು ಸುತ್ತು ಹಾಕಿ ಹಿಂದಿನಿಂದಲೂ ನೋಡಿದಳು.

"ಯವ್ವಾ! ಕನ್ನಡಿ ಯಾರೂ ಮುಟ್ಟಿಲ್ರಿ. ನಿಮ್ಮ ಕುತ್ತಿಗಿ ನೆಟ್ಟಗಾಗ್ಯಾದ!"

ಸೈದಪ್ಪ ಗಾಬರಿಯಿಂದ ಎರಡೂ ಕೈಗಳಿಂದ ಕುತ್ತಿಗೆ ತಡವಿಕೊಂಡ. ನೆಟ್ಟಗೆ, ಒನಕೆಯ ಹಾಗೆ ನಿಂತಿತ್ತು. ಎಡಕ್ಕೆ ಬಗ್ಗಿಸಿ ನೋಡಿದ, ಬಗ್ಗಲಿಲ್ಲ. ನೋವೂ ಇರಲಿಲ್ಲ. ನೋವು ಇಲ್ಲ ಎಂಬುದು ತಿಳಿದೊಡನೆ ಅವನ ಜೀವ ಝಲ್ಲೆಂದಿತು.

ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕಾಯಿ ಒಡೆಸುತ್ತಿದ್ದರು. ಸೈದಪ್ಪ ಮಾತ್ರ ಹಣೆ ಹಣೆ ಬಡಿದುಕೊಂಡ. ಏಕೆಂದರೆ ಆ ಕುತ್ತಿಗೆಗೆ ಒಂದು ಇತಿಹಾಸವಿತ್ತು.

ಹತ್ತು ಹನ್ನೆರಡು ವರ್ಷಗಳ ಹಿಂದೆ ಅಫಜಲಪುರದಲ್ಲಿ ನಾಟಕ ಕಂಪನಿಯೊಂದು ತಂಬು ಹೊಡೆದಿತ್ತು. ಸೈದಪ್ಪ ಬಂಡಿ ಹತ್ತಿ ಹೋಗಿ ಮೂರು ಆಟ ನೋಡಿ ಬಂದ. ಆ ಆಟಗಳಲ್ಲಿ ರಾಜ ಯಾರು, ರಾಣಿ ಯಾರು, ಕೊನೆಗೆ ಸತ್ತವರು ಯಾರು ಎಂದು ಕೇಳಿದರೆ ಅವನಿಗೆ ಇಂದಿಗೂ ಗೊತ್ತಿಲ್ಲ. ಅವನ ಕಣ್ಣೆಲ್ಲ ಪೇಟಿಯ ಮುಂದೆ ಕೂತ ಮಣ್ಣೂರ ಬುವಾ ಅವರ ಮೇಲೆ. ಭೀಮಾ ದಂಡೆಯ ಮಣ್ಣೂರಿನ ಈ ಬುವಾ ಆಗಲೇ ಸೊಲ್ಲಾಪುರದ ತನಕ ಹೆಸರು ಮಾಡಿದವರು. ಅವರು ತಲೆಯನ್ನು ಎಡಭುಜದ ಮೇಲೆ ಒರಗಿಸಿ, ಬಲ ಮೊಳಕೈಯನ್ನು ಕಾವಿಗೆ ಕೂತ ಕೋಳಿಯ ರೆಕ್ಕೆಯಂತೆ ಮೈಯಿಂದ ದೂರ ಎತ್ತಿ, ಕಣ್ಣು ಮುಚ್ಚಿಕೊಂಡು ಬಾರಿಸುತ್ತಿದ್ದರು. ನಡುನಡುವೆ "ಸ್ಸ್... ಆಹಾ!" ಎನ್ನುತ್ತಿದ್ದರು. ಆ "ಸ್ಸ್... ಆಹಾ"ಕ್ಕೆ ಸೈದಪ್ಪನ ಕಣ್ಣಲ್ಲಿ ನೀರು ಬಂತು. ಕಲೆಯೆಂದರೆ ಇದು, ಆನಂದವೆಂದರೆ ಇದು ಎಂದುಕೊಂಡ.

ಊರಿಗೆ ಬಂದವನು ಬುವಾ ಅವರನ್ನು ಮೈಮೇಲೆ ತಂದುಕೊಳ್ಳಲು ಕೂತ. ಬುವಾ ಅವರ ಬೆರಳು ಬರಲಿಲ್ಲ. ಅದಕ್ಕೆ ದಿನಗಟ್ಟಲೆ ಸಾಧನೆ ಬೇಕು. ಕುತ್ತಿಗೆ ಬೇಗ ಬಂತು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ; ನರಿಗಾದರೂ ಬರೆಯ ಉರಿ ನಾಲ್ಕು ದಿನಕ್ಕೆ ಆರಿರಬೇಕು, ಸೈದಪ್ಪನಿಗೆ ಅದೂ ಇಲ್ಲ. ತಾನು ಬುವಾ ಅವರ ಪಟ್ಟಶಿಷ್ಯನೆಂದು ಊರೆಲ್ಲ ಹೇಳಿಕೊಂಡು ತಿರುಗಿದ. ಊರಿಗೆಲ್ಲ ಗೊತ್ತಾದ ಈ ಸಂಗತಿ ಬುವಾ ಅವರಿಗೊಬ್ಬರಿಗೆ ಗೊತ್ತಿರಲಿಲ್ಲ.

ಊರೂ ನಂಬಿತು. ಸ್ವರ ಕೇಳುವ ಕಿವಿ ಎಲ್ಲರಿಗೂ ಇರುವುದಿಲ್ಲ. ಸೊಟ್ಟ ಕುತ್ತಿಗೆ ನೋಡುವ ಕಣ್ಣು ಎಲ್ಲರಿಗೂ ಇರುತ್ತದೆ. "ಎಷ್ಟ ವಾಲ್ಯಾನ ನೋಡು, ಎಷ್ಟ ಕಲ್ತಿರಬೇಕ!" ಎಂದು ಜನ ಮಾತಾಡಿಕೊಂಡರು. ಶಿಷ್ಯರು ಬಂದರು. ಸೈದಪ್ಪ ಅವರಿಗೆ ಮೊದಲು ಕುತ್ತಿಗೆ ಕಲಿಸಿದ, ಆಮೇಲೆ ಮೊಳಕೈ, ಆಮೇಲೆ "ಸ್ಸ್... ಆಹಾ". ಸರಿಗಮಕ್ಕೆ ಬರುವಷ್ಟರಲ್ಲಿ ಅರ್ಧ ಶಿಷ್ಯರು ತಾವೇ ಮಾಸ್ತರರಾಗಿ ಅಫಜಲಪುರ, ಜೇವರ್ಗಿ, ನೆಲೋಗಿ, ಯಡ್ರಾಮಿ ಕಡೆ ಹೋಗಿ ಅಲ್ಲಿಯ ಭಜನೆ ಮಂಡಳಿಗಳ ಕುತ್ತಿಗೆಗಳನ್ನೂ ಸೊಟ್ಟ ಮಾಡಿದರು. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎನ್ನುವುದು ಸುಮ್ಮನೆ ಅಲ್ಲ.

ಒಬ್ಬನಿಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಅವನು ಠಾಣೆಯ ಜವಾನ ಹುಸೇನಪೀರ. ದಿನಾ ಕವಾಯತು ಮಾಡಿ ಮಾಡಿ ಅವನ ಬೆನ್ನು, ಕುತ್ತಿಗೆ ಎಲ್ಲ ಬಂದೂಕಿನ ನಳಿಕೆಯಂತಾಗಿದ್ದವು. ಪೇಟಿಯ ಮುಂದೆ ಕೂತರೂ ಠಾಣೆಯ ಮುಖ್ಯಸ್ಥ ಅಮೀನ ಸಾಹೇಬರಿಗೆ ಸಲಾಮು ಹೊಡೆಯಲು ಕೂತಂತೆ ಕಾಣುತ್ತಿದ್ದ. ಸೈದಪ್ಪ ಕೆಲವು ದಿನ ಅವನ ತಲೆಯನ್ನು ಒತ್ತಿ ಒತ್ತಿ ನೋಡಿದ. ಕೊನೆಗೆ, "ನಿನ್ನ ಹಣ್ಯಾಗ ಸಂಗೀತ ಬರದಿಲ್ಲೋ ತಮ್ಮಾ, ನೀ ಬಂದೂಕ ಹಿಡಿ" ಎಂದು ಎಲ್ಲರ ಮುಂದೆ ಎಬ್ಬಿಸಿ ಕಳಿಸಿದ್ದ.

ಹಗಲಿನ ಈ ದೊಡ್ಡಸ್ತಿಕೆಗೆಲ್ಲ ಕತ್ತಲಾದ ಮೇಲೆ ಬಡ್ಡಿ ಸೇರಿಸಿ ಕೊಡಬೇಕಾಗುತ್ತಿತ್ತು. ಹಾಸಿಗೆಗೆ ಬಿದ್ದರೆ ಸೈದಪ್ಪನ ಎಡಭುಜದಲ್ಲಿ ನಿಂಬೆಹಣ್ಣಿನಷ್ಟು ಗಂಟು ಏಳುತ್ತಿತ್ತು. ಮೊಳಕೈಯಿಂದ ಬೆರಳ ತುದಿಯವರೆಗೆ ಜೋಮು. ಬಲಕ್ಕೆ ಹೊರಳಿದರೆ "ಅವ್ವಾ", ಎಡಕ್ಕೆ ಹೊರಳಿದರೆ "ಅಪ್ಪಾ". ನಿಂಬೆವ್ವ ವರ್ಷಾನುಗಟ್ಟಲೆ ಎಣ್ಣೆ ತಿಕ್ಕಿ ತಿಕ್ಕಿ, ಈಗ ಗಂಡನ ಭುಜವನ್ನು ಪಾತ್ರೆ ಉಜ್ಜಿದಷ್ಟೇ ಪ್ರೀತಿಯಿಂದ ಉಜ್ಜುತ್ತಿದ್ದಳು. ಹಿಂದಿನ ಸಂಜೆ ಅವಳ ಗೋಳು ಕೇಳಲಾರದೆ ಪಕ್ಕದ ಮನೆಯ ಖಾಸೀಂಬಿ ಬಂದು ಎಕ್ಕಿ ಎಲೆಗೆ ಔಡಲೆಣ್ಣೆ ಸವರಿ, ಕಾಸಿ, ಕುತ್ತಿಗೆಗೆ ಕಟ್ಟಿದ್ದಳು. ಮೇಲೆ ಬಿಸಿ ಉಸುಕಿನ ಗಂಟಿನಿಂದ ಕಾವು ಕೊಟ್ಟು, ತಲೆದಿಂಬು ಕಿತ್ತುಕೊಂಡು, ತಲೆಯ ಎರಡೂ ಕಡೆ ಒಂದೊಂದು ಇಟ್ಟಂಗಿ ಇಟ್ಟು ಮಲಗಿಸಿ ಹೋಗಿದ್ದಳು. ಸೈದಪ್ಪ ವರ್ಷಗಳ ನಂತರ ಮೊದಲ ಸಲ ಗೊರಕೆ ಹೊಡೆದು ನಿದ್ದೆ ಮಾಡಿದ. ಎದ್ದು ನೋಡಿದರೆ ಈ ಅನಾಹುತ.

ಅದೂ ಯಾವ ದಿನ? ಮಣ್ಣೂರ ಬುವಾ ಸ್ವತಃ ಆಳಂದಕ್ಕೆ ಬಂದ ದಿನ!

ಬುವಾ ಅವರ ಕಂಪನಿ ಸಂತೆಯ ಬಯಲಿನಲ್ಲಿ ತಂಬು ಹೊಡೆದಿತ್ತು. ಬುವಾ ಈಗ ಮುದುಕರಾಗಿ ಕಂಪನಿಯ ಸಂಗೀತವನ್ನೆಲ್ಲ ನೋಡಿಕೊಳ್ಳುವ ಹಿರಿಯರಾಗಿದ್ದರು. ಪೇಟಿ ಬಾರಿಸುವವನು ಬೇರೆ ಕಂಪನಿಗೆ ಓಡಿಹೋಗಿದ್ದ. ಹೊಸಬನನ್ನು ಆರಿಸಲು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಪೇಟಿಯವರನ್ನು ಆ ದಿನ ಮಧ್ಯಾಹ್ನ ತಂಬಿನೊಳಗೆ ಕರೆಸಿದ್ದರು. ನಿಂಬೆವ್ವನದು ಮೊದಲೇ ಒಂದು ಕರಾರು ಇತ್ತು: ಕಂಪನಿಯವರು ತೆಗೆದುಕೊಂಡರೆ ಸರಿ, ಇಲ್ಲವಾದರೆ ಅವಳ ತಮ್ಮ ದೇವಿಂದ್ರಪ್ಪನ ಅಡತಿ ಅಂಗಡಿಯಲ್ಲಿ ಶೇಂಗಾ ತೂಗಲು ನಿಲ್ಲಬೇಕು. "ಪೇಟಿ ಮ್ಯಾಲ ನಾ ಹಿಟ್ಟಿನ ಡಬ್ಬಿ ಇಡ್ತೇನಿ, ಈಗೇ ಹೇಳೇನಿ" ಎಂದಿದ್ದಳು. ಶೇಂಗಾದ ಧೂಳಿನಲ್ಲಿ ತಕ್ಕಡಿ ಹಿಡಿದು ನಿಂತ ತನ್ನನ್ನು ನೆನೆಸಿಕೊಂಡರೇ ಸೈದಪ್ಪನಿಗೆ ಸೀನು ಬರುತ್ತಿತ್ತು.

"ಬುವಾ ಮುಂದ ಈ ನೆಟ್ಟನ ಕುತ್ತಿಗಿ ತಗೊಂಡ ಹ್ಯಾಂಗ ಹೋಗಲಿ? ತಮ್ಮ ಬಾನಿ, ತಮ್ಮ ಬಾರಸೋ ಶೈಲಿ, ಗುರುತು ಹಿಡೀತಾರೇನು ಅವರು?" ಎಂದು ಸೈದಪ್ಪ ಅಳುಮೋರೆ ಮಾಡಿದ.

ಅಷ್ಟರಲ್ಲಿ ಖಾಸೀಂಬಿ ಬಂದೇಬಿಟ್ಟಳು. ಅವಳ ಹಿಂದೆ ಎದುರುಮನೆಯ ತುಳಜಾಬಾಯಿ. ಅವರ ಹಿಂದೆ ಓಣಿಯ ಅರ್ಧ ಹೆಂಗಸರು.

"ಯಾ ಅಲ್ಲಾ! ನೋಡ್ರಿ, ನೋಡ್ರಿ, ಒಂದ ರಾತ್ರ್ಯಾಗ!" ಎಂದು ಖಾಸೀಂಬಿ ಸೈದಪ್ಪನ ಗದ್ದ ಹಿಡಿದು ಎತ್ತಿ ಎಲ್ಲರಿಗೂ ತೋರಿಸಿದಳು. "ಮಾಸ್ತರ, ಇತ್ತ ತಿರಗ್ರಿ. ಈಗ ಅತ್ತ ತಿರಗ್ರಿ. ಕಂಡ್ರಿಲ್ಲಾ? ನಮ್ಮ ನಾನಿ ಹೇಳಿಕೊಟ್ಟ ದವಾ."

ದನದ ಸಂತೆಗೆ ತಂದ ಎಮ್ಮೆಯಂತೆ ನಿಂತಿದ್ದ ಸೈದಪ್ಪ ಕೈ ಮುಗಿದ. "ಖಾಸೀಂಬಿ ಅಕ್ಕಾ, ನಿನ್ನ ಕಾಲು ಬೀಳ್ತೇನಿ. ನನ್ನ ಸೊಟ್ಟ ಕುತ್ತಿಗಿ ನನಗ ತಿರುಗಿ ಕೊಡು."

"ಹಾಂ?" ಎಂದಳು ಖಾಸೀಂಬಿ.

"ಸೊಟ್ಟ ಮಾಡು ಅಂದೆ."

ತುಳಜಾಬಾಯಿ ನಿಂಬೆವ್ವನ ಕಿವಿಯಲ್ಲಿ ಹೇಳಿದಳು: "ಔಡಲೆಣ್ಣಿ ತಲೀಗಿ ಏರಿರಬೇಕು ಬೇ."

ತನ್ನ ಕಷ್ಟ ಈ ಹೆಂಗಸರಿಗೆ ತಿಳಿಯಲೆಂದು ಸೈದಪ್ಪ ಪೇಟಿ ಎಳೆದುಕೊಂಡು ಕೂತ. ಎಡಗೈಯಿಂದ ತಿದಿ ಒತ್ತಿ, ಬಲಗೈ ಬೆರಳಾಡಿಸಿದ. ಭುಜ ಹಿಡಿಯಲಿಲ್ಲ. ಕಣ್ಣು ಮುಚ್ಚದ್ದರಿಂದ ಸ್ವರದ ಪಟ್ಟಿಗಳು ಕಾಣುತ್ತಿದ್ದವು. ಕಾಣುತ್ತಿದ್ದುದರಿಂದ ಬೆರಳು ಸರಿಯಾದ ಕಡೆಯೇ ಬಿದ್ದವು. ಒಂದು ಭಜನೆಯ ಪದ ಮೊದಲಿನಿಂದ ಕೊನೆಯವರೆಗೆ ಎಲ್ಲೂ ಎಡವದೆ ಹರಿದುಹೋಯಿತು. ನಿಂಬೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಖರೇ ಹೇಳ್ತೇನ್ರಿ, ಮದಿವ್ಯಾದಾಗಿಂದ ಇವತ್ತ ಛಲೋ ಕೇಳ್ತು" ಎಂದಳು.

"ನಿನಗೇನ ತಿಳೀತದ ಹೊಯ್ಮಾಲಿ!" ಸೈದಪ್ಪ ಸಿಡಿದೆದ್ದ. "ಇದು ಸಂಗೀತ ಅಲ್ಲ, ಬರೇ ಸಪ್ಪಳ! ನೋವಿಲ್ಲ, ಬ್ಯಾನಿಲ್ಲ, ಬಾರಿಸಿದ್ದ ಗೊತ್ತಾಗಲಿಲ್ಲ. ಹಿಂಗ ಬಾರಿಸಿದ್ರ ಯಾರು ಕಲಾವಂತ ಅಂತಾರ?"

ಮನುಷ್ಯನಿಗೆ ಕೆಟ್ಟಕಾಲ ಬಂದರೆ ಒಳ್ಳೆಯ ಮಾತು ಮೊದಲು ಹೆಂಡತಿಯ ಬಾಯಿಂದಲೇ ಬರುತ್ತದೆ. ಅದಕ್ಕೇ ಅವನು ಕೇಳುವುದಿಲ್ಲ. ಸೈದಪ್ಪ ಹೆಂಗಸರನ್ನೆಲ್ಲ ಹೊರಗೆ ಹಾಕಿ ಬಾಗಿಲು ಮುಚ್ಚಿಕೊಂಡ. ಧೋತರದ ಚುಂಗಿನಿಂದ ತಲೆಯನ್ನು ಎಡ ಕಂಕುಳಿಗೆ ಬಿಗಿದು ಕಟ್ಟಿ ನೋಡಿದ. ಧೋತರ ಹರಿಯಿತು. ಎಡ ಕಿವಿಗೆ ನೀರು ತುಂಬಿದ ತಂಬಿಗೆ ಜೋತುಹಾಕಿಕೊಂಡ. ಕಿವಿ ಕೆಂಪಾಯಿತು, ಅಂಗಿ ತೊಯ್ದಿತು, ಕುತ್ತಿಗೆ ಮಾತ್ರ ಮಾತು ಕೇಳಲಿಲ್ಲ. ನಾಯಿಬಾಲವನ್ನು ನಳಿಕೆಯಲ್ಲಿ ಹಾಕಿದರೂ ನೆಟ್ಟಗಾಗದು ಎನ್ನುತ್ತಾರೆ; ಸೈದಪ್ಪನ ಪಾಲಿಗೆ ಆ ಗಾದೆಯೂ ತಿರುವು ಮುರುವಾಗಿತ್ತು.

ಹೊತ್ತು ಏರುತ್ತಿತ್ತು. ಕೊನೆಗೆ ಅವನಿಗೆ ತಾಲೀಮಿನ ಖಾಜಾ ಉಸ್ತಾದ ನೆನಪಾದ. ಕುಸ್ತಿ ಕಲಿಸುವ ಈ ಖಾಜಾ ಉಳುಕಿದ ಕೈಕಾಲು, ಸರಿದ ಎಲುಬು ಕೂಡಿಸುವುದರಲ್ಲೂ ಗಟ್ಟಿಗ. ಸೈದಪ್ಪ ತಲೆಗೆ ರುಮಾಲು ಸುತ್ತಿಕೊಂಡು, ದಾರಿಯಲ್ಲಿ ಯಾರೂ ತನ್ನ ನೆಟ್ಟ ಕುತ್ತಿಗೆ ನೋಡಬಾರದೆಂದು ಗೋಡೆಗುಂಟ ಓಡಿದ. ಸಿಂದಿ ಕುಡಿದು ಸಿಕ್ಕಿಬಿದ್ದವನೂ ಅಷ್ಟು ನಾಚಿಕೊಂಡಿರಲಾರ.

ಖಾಜಾ ಉಸ್ತಾದ ಮಣ್ಣಿನ ಅಖಾಡದ ದಂಡೆಯಲ್ಲಿ ಕೂತು ಬಾದಾಮಿ ಅರೆಯುತ್ತಿದ್ದ. ಸೈದಪ್ಪ ಹೇಳಿದ್ದನ್ನೆಲ್ಲ ಕೇಳಿ ಅರೆಯುವುದನ್ನು ನಿಲ್ಲಿಸಿದ.

"ಮಾಸ್ತರ, ಸೊಟ್ಟ ಆದದ್ದು ನೆಟ್ಟಗ ಮಾಡೋದು ನಮ್ಮ ಖಾನದಾನಿ ಕೆಲಸ. ನೆಟ್ಟಗಿದ್ದದ್ದು ಸೊಟ್ಟ ಮಾಡಿದ್ರ ಗೋರ್ಯಾಗ ನಮ್ಮಪ್ಪ ಮಗ್ಗಲಾ ಬದಲ ಮಾಡ್ತಾನ."

"ಉಸ್ತಾದ, ನನ್ನ ಜಿಂದಗಿ ಪ್ರಶ್ನಿ ಅದ. ಕಂಪನ್ಯಾಗ ನೌಕರಿ ಸಿಕ್ಕರ ದಿನಾ ಮುಂದಿನ ಸಾಲಿನಾಗ ನಿಮಗ ಖುರ್ಚಿ. ಪುಕಟ!"

ಖಾಜಾ ಉಸ್ತಾದ ನಾಟಕದ ಹುಚ್ಚ. ಅಪ್ಪನ ಗೋರಿ ಒಂದು ಕಡೆ, ಮುಂದಿನ ಸಾಲಿನ ಖುರ್ಚಿ ಒಂದು ಕಡೆ ತೂಗಿ ನೋಡಿದ. ಎದ್ದು ಕೈ ಒರೆಸಿಕೊಂಡ.

"ಕುಂದರ್ರಿ. ಹಲ್ಲು ಕಚ್ಚಿ ಹಿಡೀರಿ. ಬಿಸ್ಮಿಲ್ಲಾ!"

ಕಟಕ್ ಎಂದಿತು. ಸೈದಪ್ಪನಿಗೆ ಹಗಲಲ್ಲೇ ಚುಕ್ಕೆ ಕಂಡವು. ಕಣ್ಣು ಬಿಟ್ಟು ನೋಡಿದರೆ ತಾಲೀಮಿನ ಬಾಗಿಲು ಇರಬೇಕಾದ ಕಡೆ ಗೋಡೆ ಇತ್ತು.

"ಉಸ್ತಾದ! ಇದು ಬಲಕ್ಕ ಹೋತಲ್ರಿ! ಬುವಾಂದು ಎಡಕ್ಕದ!"

"ಮೊದಲ ಹೇಳಬೇಕಿಲ್ಲೋ ಮಾರಾಯ! ನನ್ನ ಎಡಾನೋ ನಿನ್ನ ಎಡಾನೋ?" ಎಂದು ಖಾಜಾ ಈ ಸಲ ಮೊಣಕಾಲನ್ನು ಅವನ ಬೆನ್ನಿಗೆ ಕೊಟ್ಟು, ಗದ್ದ ಮತ್ತು ನೆತ್ತಿಯನ್ನು ಹಿಡಿದು, ಹಿತ್ತಲ ಬಾವಿಯ ರಾಟೆ ತಿರುಗಿಸಿದಂತೆ ತಿರುಗಿಸಿದ.

ಈ ಸಲದ ಕಟಕ್ ತಾಲೀಮಿನ ಹೊರಗೆ ಕಟ್ಟಿದ್ದ ಆಡಿಗೂ ಕೇಳಿಸಿ ಅದು ಹಗ್ಗ ಜಗ್ಗಿತು. ಸೈದಪ್ಪನ ತಲೆ ಎಡಭುಜದ ಮೇಲೆ ಬಂದು ಕೂತಿತು. ಬರೀ ಕೂರಲಿಲ್ಲ, ಬೀಗ ಹಾಕಿಕೊಂಡು ಕೂತಿತು. ಭುಜದಿಂದ ಬೆರಳಿನವರೆಗೆ ಬೆಂಕಿ ಹರಿಯಿತು. ಹಳೆಯ ನೋವು ತನ್ನ ಅಣ್ಣತಮ್ಮಂದಿರನ್ನೆಲ್ಲ ಕರೆದುಕೊಂಡು ವಾಪಸು ಬಂದಿತ್ತು. ಸೈದಪ್ಪನ ಕಣ್ಣಿಂದ ಸಂತೋಷದ ನೀರು ಇಳಿಯಿತು.

"ಬಂತು ಉಸ್ತಾದ, ಬಂತು! ಮೊದಲಿನಕಿಂತ ಛಲೋ ಬಂತು! ಸ್ಸ್... ಆಹಾ!"

ಮಧ್ಯಾಹ್ನ ತಂಬಿನ ಒಳಗೆ ಕಾಲಿಟ್ಟ ಸೈದಪ್ಪನ ಎದೆ ಉಬ್ಬಿತು. ರಂಗದ ಮುಂದೆ ಹಾಸಿದ ಜಮಖಾನೆಯ ಮೇಲೆ ಮೂರು ತಾಲೂಕಿನ ಪೇಟಿಯವರು ಸಾಲಾಗಿ ಕೂತಿದ್ದರು. ಹೆಚ್ಚಿನವರು ಅವನ ಶಿಷ್ಯರು, ಉಳಿದವರು ಶಿಷ್ಯರ ಶಿಷ್ಯರು. ಹಿಂದಿನಿಂದ ನೋಡಿದರೆ ಗಾಳಿಗೆ ವಾಲಿದ ಜೋಳದ ಬೆಳೆಯ ಹಾಗೆ ಎಲ್ಲ ತಲೆಗಳೂ ಎಡಕ್ಕೆ ಬಾಗಿದ್ದವು. ಇಷ್ಟು ಕುತ್ತಿಗೆಗಳಿದ್ದರೂ ತನ್ನಷ್ಟು ವಾಲಿದ್ದು ಒಂದೂ ಇಲ್ಲ ಎಂದು ಸೈದಪ್ಪ ಒಂದೇ ನೋಟದಲ್ಲಿ ಅಳೆದುಕೊಂಡ. ಹೋಗಿ ಎಲ್ಲರಿಗಿಂತ ಮುಂದೆ ಕೂತ.

ಹಗ್ಗದ ಆಚೆ ಊರ ಜನ ಸೇರಿದ್ದರು. ಮುಂದಿನ ಸಾಲಿನ ಖುರ್ಚಿಯೊಂದರಲ್ಲಿ ಖಾಜಾ ಉಸ್ತಾದ ಆಗಲೇ ಕೂತು ರೂಢಿ ಮಾಡಿಕೊಳ್ಳುತ್ತಿದ್ದ. ನಿಂಬೆವ್ವ, ಖಾಸೀಂಬಿ ಬಂದಿದ್ದರು. ದೇವಿಂದ್ರಪ್ಪನೂ ಶೇಂಗಾದ ಧೂಳಿನ ಟೊಪ್ಪಿಗೆಯಲ್ಲೇ ಬಂದಿದ್ದ; ಅಕ್ಕನ ಗಂಡ ಗೆದ್ದರೂ ಸರಿ, ಸೋತರೂ ಸರಿ, ಅವನಿಗೆ ತನ್ನ ತಕ್ಕಡಿಯ ಚಿಂತೆ. ಬಾಗಿಲ ಹತ್ತಿರ ಬಂದೋಬಸ್ತಿಗೆಂದು ಜವಾನ ಹುಸೇನಪೀರ ನೆಟ್ಟಗೆ ನಿಂತಿದ್ದ.

ಪರದೆ ಸರಿಸಿ ಬುವಾ ಬಂದರು. ಬಿಳಿ ಧೋತರ, ಕರಿ ಕೋಟು, ಕೆಂಪು ಪಗಡಿ. ಆ ಪಗಡಿಯ ಕೆಳಗೆ ಕುತ್ತಿಗೆ ದೀಪದ ಕಂಬದಂತೆ ನೆಟ್ಟಗೆ ನಿಂತಿತ್ತು.

ಸೈದಪ್ಪ ಕಣ್ಣುಜ್ಜಿಕೊಂಡ. ತಲೆ ವಾಲಿದ್ದರಿಂದ ಮೊದಲು ಅವನಿಗೆ ಬುವಾ ಅವರೇ ವಾಲಿದಂತೆ ಕಂಡಿದ್ದರು. ತಂಬಿನ ಕಂಬಕ್ಕೆ ಹೋಲಿಸಿ ನೋಡಿದ. ಕಂಬ ಹೇಗೋ ಬುವಾ ಹಾಗೆ. ಇರಲಿ, ಇನ್ನೂ ಪೇಟಿಯ ಮುಂದೆ ಕೂತಿಲ್ಲ, ಕೂತರೆ ವಾಲುತ್ತಾರೆ ಎಂದು ಸಮಾಧಾನ ಮಾಡಿಕೊಂಡ.

"ಮೊದಲ ಯಾರು ಬಾರಸ್ತೀರಿ?" ಎಂದರು ಬುವಾ, ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತ. ಅವರ ಮುಖ ಸಪ್ಪಗಾಗಿತ್ತು.

"ನಾನ್ರಿ ಬುವಾ" ಎಂದು ಸೈದಪ್ಪ ಪೇಟಿ ಎಳೆದುಕೊಂಡ. ಮೊಳಕೈ ಎತ್ತಿದ. ಕಣ್ಣು ಮುಚ್ಚಿದ. ಮೊದಲ ಸ್ವರಕ್ಕೇ ಭುಜದಲ್ಲಿ ಚಳುಕು ಹೊಡೆದು "ಸ್ಸ್... ಆಹಾ!" ತಾನಾಗಿಯೇ ಬಂತು. ಎರಡನೆಯ ಸ್ವರಕ್ಕೆ ಬೆರಳು ಜೋಮು ಹಿಡಿದು ಪಕ್ಕದ ಪಟ್ಟಿಯ ಮೇಲೆ ಬಿತ್ತು. ಮೂರನೆಯದು ಎಲ್ಲಿ ಬಿತ್ತೋ ಪರಮಾತ್ಮನಿಗೆ ಗೊತ್ತು. ಸೈದಪ್ಪ ನಿಲ್ಲಿಸಲಿಲ್ಲ. ಸ್ವರ ಹೋದರೆ ಹೋಗಲಿ, ಕುತ್ತಿಗೆ ಇದೆಯಲ್ಲ ಎಂಬ ಧೈರ್ಯ. ಅವನ ಹಿಂದಿನ ಸಾಲಿನವರು ಗುರುವಿನ ನೋವನ್ನು ಕೇಳಿ ಒಟ್ಟಾಗಿ "ಸ್ಸ್... ಆಹಾ!" ಎಂದರು.

"ಸಾಕು, ಸಾಕು! ನಿಂದರಸ್ರಿ!" ಬುವಾ ಕಿವಿ ಮುಚ್ಚಿಕೊಂಡರು. "ಏನಪಾ ಇದು? ಜೇವರ್ಗ್ಯಾಗ ನೋಡಿದೆ, ಎಲ್ಲಾರೂ ಡೊಂಕ. ನೆಲೋಗ್ಯಾಗ ನೋಡಿದೆ, ಡೊಂಕ. ಅಫಜಲಪುರದಾಗೂ ಅದೇ ಹಣೇಬಾರ. ನಿಮ್ಮ ಭಾವಿ ನೀರಿನಾಗ ಏನರ ದೋಷ ಅದ ಏನು?"

ಸೈದಪ್ಪ ವಿನಯದಿಂದ ಹೇಳಿದ: "ನೀರಲ್ರಿ ಬುವಾ, ನಿಮ್ಮ ಆಶೀರ್ವಾದ. ಇದು ನಿಮ್ಮದೇ ಬಾನಿ."

"ನಂದಾ?"

"ಅಫಜಲಪುರದ ಕ್ಯಾಂಪಿನಾಗ ನೀವು ಬಾರಿಸಿದ್ದು ನಾ ಮುಂದ ಕುಂತು ನೋಡೇನ್ರಿ. ಇದೇ ಕುತ್ತಿಗಿ, ಇದೇ ಮೊಳಕೈ, ಇದೇ ಆನಂದ. ಅವತ್ತಿನಿಂದ ಇದನ್ನೇ ಪೂಜಾ ಮಾಡಿ, ಮೂರೂ ತಾಲೂಕಿಗಿ ಹಬ್ಬಿಸೇನ್ರಿ."

ಬುವಾ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಂಡರು. ಆಮೇಲೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು.

"ಅಯ್ಯ ಹುಚ್ಚಪ್ಪಾ! ಆ ವರ್ಷ ಹಣ್ಣಿನ ಸುಗ್ಗಿ. ಯಾರೋ ಒಬ್ಬರು ಬುಟ್ಟಿಗಟ್ಟಲೆ ಮಾವಿನಹಣ್ಣ ಕಳಸಿದ್ರು. ಆಶೆಬಡಕ ನಾನು, ಎಲ್ಲಾ ತಿಂದೆ. ಮೈಯಾಗ ಉಷ್ಣ ಆಗಿ ಬಲಗಡಿ ಕುತ್ತಿಗಿ ಮ್ಯಾಲೊಂದು, ಬಲ ಕಂಕಳಾಗೊಂದು ಲಿಂಬಿಕಾಯಿಯಷ್ಟ ಕುರ ಎದ್ದಿದ್ವು! ತಲಿ ಇತ್ತ ಹೊಳ್ಳಸಂಗಿಲ್ಲ, ಕೈ ಕೆಳಗ ಇಳಸಂಗಿಲ್ಲ. ಅಂಗಿ ತಾಗಿದ್ರ ಜೀವ ಹೋಗ್ತಿತ್ತು, ಅದಕ್ಕ ಸ್ಸ್... ಆಹಾ ಅಂತಿದ್ದೆ. ನನ್ನ ಜಿಂದಗ್ಯಾಗ ಅಷ್ಟ ಕೆಟ್ಟ ಎಂದೂ ಬಾರಿಸಿಲ್ಲಪಾ. ಕುರ ಒಡದಿಂದ ನೆಟ್ಟಗ ಕುಂತೇನಿ!"

ಹಿಂದಿನ ಸಾಲಿನಲ್ಲಿ ಒಬ್ಬೊಬ್ಬರೇ ಮೆಲ್ಲಗೆ ಕುತ್ತಿಗೆ ಎತ್ತಲು ನೋಡಿದರು. ಲಟಲಟ ಸದ್ದು ಮಾತ್ರ ಬಂತು.

"ನಾ ನೆಟ್ಟಗ ಕೂಡೋ ಒಬ್ಬನ್ನ ಹುಡುಕಾಕತ್ತೇನಿ" ಎಂದರು ಬುವಾ. "ಮೈ ಹಿಂಡಿಕೊಂಡ ಬಾರಿಸಿದ್ರ ಎರಡ ವರ್ಷಕ್ಕ ಕೈ ಬೀಳ್ತದ. ಹಿಂದ ಒಬ್ಬಾಂವ ಹಂಗೇ ಹೋದ. ಈ ಊರಾಗ ನೆಟ್ಟನ ಕುತ್ತಿಗ್ಯಾಂವ ಒಬ್ಬನರ ಇಲ್ಲೇನು?"

ನಿಂಬೆವ್ವನಿಗೆ ತಡೆಯಲಾಗಲಿಲ್ಲ. ಹಗ್ಗ ದಾಟಿ ಬಂದಳು. "ಇದ್ರಿ ಅಪ್ಪಾರ! ಇವರೇ ಮುಂಜಾನಿ ನೆಟ್ಟಗಿದ್ರು! ಛಲೋ ಬಾರಿಸಿದ್ರು ಖರೇ! ಬೇಕಾರ ಖಾಸೀಂಬಿಗಿ ಕೇಳ್ರಿ!"

"ಅಲ್ಲಾನ ಆಣಿ" ಎಂದಳು ಖಾಸೀಂಬಿ. "ನಾನೇ ನೆಟ್ಟಗ ಮಾಡೇನಿ. ಯಾವ ಮುರಕನೋ ಮತ್ತ ಮುರದಾನ."

ಖುರ್ಚಿಯಲ್ಲಿದ್ದ ಖಾಜಾ ಉಸ್ತಾದ ಮೈ ಸಣ್ಣದು ಮಾಡಿಕೊಂಡ. ಸೈದಪ್ಪ ಜೀವ ಹೋದವನಂತೆ ಅವನ ಕಡೆ ಓಡಿದ. "ಉಸ್ತಾದ! ಎತ್ರಿ, ಲಗೂನ ಎತ್ರಿ! ನೆಟ್ಟಗ ಮಾಡ್ರಿ!" ಖಾಜಾ ಎದ್ದು ಗದ್ದ ಹಿಡಿದು ಎತ್ತಿದ. ಸೈದಪ್ಪ ಕಿರುಚಿದ. ನೆತ್ತಿ ಹಿಡಿದು ಎಳೆದ. ಇಬ್ಬರು ಶಿಷ್ಯರು ಕಾಲು ಹಿಡಿದರು. ಖಾಸೀಂಬಿ ಇಟ್ಟಂಗಿ ಹುಡುಕಿಕೊಂಡು ಬಂದಳು. ಕುತ್ತಿಗೆ ಬಾತು ಕುಂಬಳಕಾಯಿಯಾಗಿತ್ತು, ಎಳ್ಳಷ್ಟೂ ಅಲುಗಲಿಲ್ಲ.

"ಈಗ ಆಗಂಗಿಲ್ಲ ಮಾಸ್ತರ" ಎಂದ ಖಾಜಾ ಬೆವರೊರೆಸಿಕೊಳ್ಳುತ್ತ. "ನನ್ನ ಕೈಗುಣ ಅಂಥಾದ್ದು. ಒಮ್ಮಿ ಕೂಡಿಸಿದ್ದು ಹೊಳ್ಳಿ ಬಿಡಂಗಿಲ್ಲ."

ಈ ಗಲಾಟೆಯನ್ನು ನಿಲ್ಲಿಸಲು ಬಾಗಿಲ ಕಡೆಯಿಂದ ಜವಾನ ಹುಸೇನಪೀರ ಬಂದ. ಬುವಾ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಅವರ ಮುಖ ಆ ದಿನ ಮೊದಲ ಸಲ ಅರಳಿತು.

"ಏ ತಮ್ಮಾ, ನಿನಗ ಪೇಟಿ ಬರ್ತದೇನು?"

ಹುಸೇನಪೀರ ಸೈದಪ್ಪನ ಕಡೆ ನೋಡಿ ನಾಚಿಕೊಂಡ. "ಥೋಡೆ ಥೋಡೆ ಬರ್ತದ್ರಿ. ಮಾಸ್ತರ ನನ್ನ ಹೊರಗ ಹಾಕಿದ್ರು. ಕುತ್ತಿಗಿ ಬಾಗಲಿಲ್ಲ ಅಂತ ಬರೇ ಬೆರಳ ಸಾಧನಾ ಮಾಡೇನ್ರಿ."

ಟೊಪ್ಪಿಗೆ ತೆಗೆದಿಟ್ಟು, ಕವಾಯತಿಗೆ ನಿಂತಷ್ಟೇ ನೆಟ್ಟಗೆ ಕೂತು ಬಾರಿಸಿದ. ದೊಡ್ಡ ವಿದ್ಯೆಯೇನಲ್ಲ; ಆದರೆ ಸ್ವರ ಇದ್ದಲ್ಲಿ ಸ್ವರ ಇತ್ತು. ಎರಡು ಪದ ಮುಗಿಯುವಷ್ಟರಲ್ಲಿ ಬುವಾ ಎದ್ದು ಅವನ ಬೆನ್ನು ತಟ್ಟಿದರು. ನೌಕರಿ ಅವನಿಗೇ ಎಂದರು; ಅವನನ್ನು ಬಿಟ್ಟುಕೊಡುವಂತೆ ಅಮೀನ ಸಾಹೇಬರಿಗೆ ತಾವೇ ಹೇಳುವುದಾಗಿ ಮಾತು ಕೊಟ್ಟರು. ಹೋಗುವಾಗ ಹುಸೇನಪೀರ ಬಂದು ಸೈದಪ್ಪನ ಕಾಲು ಮುಟ್ಟಿ, "ನಿಮ್ಮ ದುವಾ ಮಾಸ್ತರ" ಎಂದ. ಅದು ಮಾತ್ರ ಕುತ್ತಿಗೆಗಿಂತ ಹೆಚ್ಚು ನೋಯಿತು.

"ನಡೀ ಮಾಮಾ" ಎಂದ ದೇವಿಂದ್ರಪ್ಪ, ಭಾವನ ರಟ್ಟೆ ಹಿಡಿದು. "ಅತ್ತರ ಶೇಂಗಾ ತೂಕ ಆಗಂಗಿಲ್ಲ. ಬಂಡಿ ಬಂದ ನಿಂತಾವ."

ಬಿಸಿಲು ಇಳಿಯುವ ಮುಂಚೆಯೇ ಸೈದಪ್ಪ ಅಡತಿ ಅಂಗಡಿಯಲ್ಲಿ ದೊಡ್ಡ ತಕ್ಕಡಿಯ ಮುಂದೆ ನಿಂತಿದ್ದ. ಯಡ್ರಾಮಿ ಕಡೆಯ ರೈತ ಬೀರಲಿಂಗಪ್ಪನ ಶೇಂಗಾ ಚೀಲ ಎಡ ತಟ್ಟೆಯಲ್ಲಿ, ದೇವಿಂದ್ರಪ್ಪನ ತೂಕದ ಕಲ್ಲುಗಳು ಬಲ ತಟ್ಟೆಯಲ್ಲಿ. ತಕ್ಕಡಿಯ ನಡುವಿನ ಮುಳ್ಳು ಎಡಕ್ಕೆ ಚೆನ್ನಾಗಿ ವಾಲಿತ್ತು. ಕಲ್ಲಿಗಿಂತ ಶೇಂಗಾ ಭಾರವಾಗಿತ್ತು, ರೈತನಿಗೆ ಲುಕ್ಸಾನು ಎಂಬುದು ಕುರುಡನಿಗೂ ಕಾಣುವಂತಿತ್ತು.

"ಮಾಮಾ, ಮುಳ್ಳು ಹ್ಯಾಂಗದ?" ಎಂದು ದೇವಿಂದ್ರಪ್ಪ ಒಳಗಿನಿಂದ ಕೇಳಿದ.

ಸೈದಪ್ಪ ನೋಡಿದ. ಭುಜದ ಮೇಲೆ ಬೀಗ ಹಾಕಿಕೊಂಡು ಕೂತ ತಲೆಗೆ ಮುಳ್ಳು ಗೆರೆ ಹೊಡೆದಂತೆ ನೆಟ್ಟಗೆ ಕಂಡಿತು. ಸು‌ಳ್ಳು ಹೇಳುವ ಮನುಷ್ಯ ಅವನಲ್ಲ.

"ನೆಟ್ಟಗದ" ಎಂದ.

"ಎಲ್ಲಿ ನೆಟ್ಟಗದರಿ? ಪೂರಾ ವಾಲ್ಯಾದ!" ಬೀರಲಿಂಗಪ್ಪ ಬಾಯಿ ಮಾಡಿದ.

"ನನ್ನ ಪೇಟಿ ಆಣಿ ಮಾಡಿ ಹೇಳ್ತೇನಿ, ಮುಳ್ಳು ನೆಟ್ಟಗದ." ಸೈದಪ್ಪನ ದನಿಯಲ್ಲಿ ಸತ್ಯವಂತರಿಗೆ ಮಾತ್ರ ಬರುವ ಸಿಟ್ಟು ಇತ್ತು. "ನನ್ನ ಮ್ಯಾಲ ಸಂಶೇ ಇದ್ರ ನೀನೇ ಇಲ್ಲಿ ನಿಂತು ನೋಡು."

ಬೀರಲಿಂಗಪ್ಪ ಬಂದು ಅವನ ಪಕ್ಕದಲ್ಲಿ ನಿಂತ. ಅಷ್ಟು ಖಂಡಿತವಾಗಿ ಹೇಳುವ ಮನುಷ್ಯ ಹೇಗೆ ನೋಡುತ್ತಾನೋ ಹಾಗೆಯೇ ನೋಡೋಣವೆಂದು ತಾನೂ ಕುತ್ತಿಗೆಯನ್ನು ಎಡಕ್ಕೆ ವಾಲಿಸಿದ. ಹೌದಲ್ಲ! ಮುಳ್ಳು ನೆಟ್ಟಗೇ ಇತ್ತು. ಅವನು ಸಂಕೋಚದಿಂದ ತಲೆ ಕೆರೆದುಕೊಂಡು, ಮುಂದಿನ ಚೀಲ ತರಲು ಬಂಡಿಯ ಕಡೆ ಹೋದ.

ದೇವಿಂದ್ರಪ್ಪ ಹೊರಗೆ ಬಂದು ಭಾವನ ಕುತ್ತಿಗೆಯನ್ನು ಭಕ್ತಿಯಿಂದ ನೋಡಿದ. ಇಷ್ಟು ವರ್ಷ ಇಂಥ ರತ್ನ ಪೇಟಿಯ ಮುಂದೆ ವ್ಯರ್ಥವಾಯಿತಲ್ಲ ಎಂದು ಮರುಗಿದ.

"ಮಾಮಾ, ಪಗಾರ ನೀ ಕೇಳಿದಷ್ಟ. ಒಂದೇ ಮಾತು. ಆ ಖಾಸೀಂಬಿನ ಇನ್ನ ಮ್ಯಾಲ ಮನಿ ಹೊಸ್ತಿಲಾ ದಾಟಸಬ್ಯಾಡ."

ಸೈದಪ್ಪನಿಗೆ ಏನೋ ಹೇಳಬೇಕೆನಿಸಿತು. ಅಷ್ಟರಲ್ಲಿ ಎರಡನೆಯ ಚೀಲ ತಟ್ಟೆಗೆ ಬಿತ್ತು, ತಕ್ಕಡಿಯ ಹಗ್ಗ ಹಿಡಿದ ಭುಜದಲ್ಲಿ ಚಳುಕು ಹೊಡೆಯಿತು. "ಸ್ಸ್... ಆಹಾ!" ಎಂದ. ಬಂಡಿಯ ಹತ್ತಿರ ನಿಂತಿದ್ದ ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮುಳ್ಳು ನೋಡಲೆಂದು ಎಲ್ಲರೂ ಒಟ್ಟಿಗೆ ಕುತ್ತಿಗೆಯನ್ನು ಎಡಕ್ಕೆ ಬಾಗಿಸಿದರು.